ದಾರಿಯಲ್ಲೇ ತಿಂದ ಡಾಕ್ಟರ ಫೀಸು

ಬಟ್ಟೆ ಅಂಗಡಿಯವನು ತೆಳ್ಳಗಿದ್ದರೆ ಗಿರಾಕಿಗೆ ಅನುಮಾನ ಬರುತ್ತದೆ ಎಂದು ನಮ್ಮ ಅಜ್ಜ ನಂಬಿದ್ದ. ಅವನು ನನಗೆ ಕಲಿಸಿದ ವ್ಯಾಪಾರದ ಮಾತುಗಳಲ್ಲಿ ಗಜಕಡ್ಡಿ ಸರಿಯಾಗಿ ಹಿಡಿಯಬೇಕು, ಉದ್ರಿ ಕೇಳಿದವನ ಮುಖ ಮೊದಲು ನೋಡಬೇಕು ಎಂಬಂಥ ಒಳ್ಳೆಯ ಮಾತುಗಳೂ ಇದ್ದವು. ನಾನು ಮನಸ್ಸಿಟ್ಟು ಪಾಲಿಸಿದ್ದು ಮಾತ್ರ ಮೈ ಬೆಳೆಸುವುದನ್ನು. ನಲವತ್ತು ದಾಟುವ ಹೊತ್ತಿಗೆ ಬಸವಕಲ್ಯಾಣದ ಬಜಾರಿನಲ್ಲಿ ನನ್ನಷ್ಟು ನಂಬಿಕಸ್ಥ ಬಟ್ಟೆ ವ್ಯಾಪಾರಿ ಇನ್ನೊಬ್ಬನಿರಲಿಲ್ಲ. ಗಾದಿಯ ಮೇಲೆ ಒಮ್ಮೆ ಕೂತರೆ ಮುಗಿಯಿತು, ಮಧ್ಯಾಹ್ನದ ಊಟಕ್ಕೆ ಏಳಬೇಕಾದರೆ ಕೈ ಕೊಡಲು ಒಬ್ಬರು ಬೇಕಾಗುತ್ತಿತ್ತು.

ಅದಕ್ಕೆ ನಾನೊಬ್ಬನೇ ಕಾರಣನಲ್ಲ ಎಂದು ಆಗ ವಾದಿಸುತ್ತಿದ್ದೆ. ನಮ್ಮ ಕಡೆ ಮದುವೆಗೆ ಎರಡೂ ಬೀಗರ ಮನೆಯವರು ಕೂಡಿ ಬಂದು ಸೀರೆ, ಧೋತರ, ಖಣ ಎಲ್ಲ ಒಂದೇ ಅಂಗಡಿಯಲ್ಲಿ ತೆಗೆಯುತ್ತಾರೆ. ಬಸ್ತಾ ಎನ್ನುತ್ತೇವೆ ಅದಕ್ಕೆ. ಬಸ್ತಾಕ್ಕೆ ಬಂದವರಿಗೆ ಚಹಾ ಕೊಡಲೇಬೇಕು. ಅಂಗಡಿಯವನು ಜೊತೆಗೆ ಕುಡಿಯದಿದ್ದರೆ, ನಮ್ಮ ಕೂಡ ಇವನಿಗೆ ಮನಸ್ಸಿಲ್ಲ ಎಂದು ಅವರು ಪಕ್ಕದ ಅಂಗಡಿಗೆ ಏಳುತ್ತಾರೆ. ಹೀಗೆ ಬೀಗರ ಮನಸ್ಸು ಕಾಯುತ್ತ ಕಾಯುತ್ತ ನಾನು ದಿನಕ್ಕೆ ಎಷ್ಟು ಸಕ್ಕರೆ ಕುಡಿಯುತ್ತಿದ್ದೆನೋ, ಹಳ್ಳಿಖೇಡದ ಕಡೆಯ ಕಬ್ಬಿನವರಿಗೇ ಗೊತ್ತು.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಅಂಗಡಿಯ ಮೇಲಿನ ಅರೆಯಿಂದ ಬಟ್ಟೆಯ ಒಂದು ಥಾನು ಇಳಿಸಲು ತೋಳೆತ್ತಿದೆ; ಹೊಕ್ಕಳ ಹತ್ತಿರ ಏನೋ ಸರಕ್ಕನೆ ಜಾರಿದಂತಾಯಿತು. ಮನೆಗೆ ಬಂದು ಅಂಗಿ ಬಿಚ್ಚಿದರೆ ಅಲ್ಲೊಂದು ನಿಂಬೆಕಾಯಿ ಗಾತ್ರದ ಗಂಟು. ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು, ಕೆಮ್ಮಿದರೆ ಹೊರಗೆ ಬರುತ್ತಿತ್ತು.

ಹೆಂಡತಿ ನೋಡಿದಳು. "ಏನ್ರೀ ಇದು?"

"ಏನಿಲ್ಲ, ಹೊಕ್ಕಳ."

"ಹೊಕ್ಕಳ ಹೊರಗ ಯಾಕ ಬಂದದ?"

"ಒಳಗ ಜಾಗಾ ಸಾಲವಲ್ದೇನೋ."

ಆಕೆ ನಗಲಿಲ್ಲ. ಮರುದಿನವೇ ನನ್ನನ್ನು ಹುಮನಾಬಾದಿನ ಬಸ್ಸು ಹತ್ತಿಸಿದಳು.

ಹುಮನಾಬಾದಿನಲ್ಲಿ ಕಾಳುಕಡಿ ಮಾರುವ ಗಂಜಿನ ಹತ್ತಿರ ಒಬ್ಬ ಡಾಕ್ಟರಿದ್ದರು. ಮುಂದೆ ದವಾಖಾನೆ, ಹಿಂದೆ ನಾಲ್ಕು ಮಂಚದ ಒಂದು ಕೋಣೆ, ಅದರ ಹಿಂದೆ ಅವರ ಮನೆ. ನಾನು ಒಂದು ಸೂಜಿ, ಒಂದು ಬಾಟಲಿ ಕೆಂಪು ಔಷಧ ಎಂದುಕೊಂಡು ಹೋಗಿದ್ದೆ. ಅವರು ಗಂಟನ್ನು ಒಮ್ಮೆ ಒತ್ತಿ ನೋಡಿ, ಆಮೇಲೆ ನನ್ನ ಸಂಸಾರವನ್ನೆಲ್ಲ ಕೇಳುತ್ತ ಕೂತರು. ಮುಂಜಾನೆ ಏನು ತಿನ್ನುತ್ತೀರಿ, ಯಾರು ಬಡಿಸುತ್ತಾರೆ, ಸಾಕು ಅಂದ ಮೇಲೂ ಬಡಿಸುತ್ತಾರೋ, ಗಾದಿ ಬಿಟ್ಟು ಎಷ್ಟು ಸಲ ಏಳುತ್ತೀರಿ, ಚಹಾದ ಜೊತೆ ಏನು. ನಾನು ಒಂದು ಹೇಳಿದರೆ ಹೆಂಡತಿ ಹಿಂದಿನಿಂದ ಎರಡು ಸೇರಿಸುತ್ತಿದ್ದಳು.

ಕಡೆಗೆ ಡಾಕ್ಟರು ಹೇಳಿದರು. "ಕರಳು ಹೊರಗ ಬರಾಕತ್ತದ, ಸಾವಕಾರ್ರ. ಆಪರೇಶನ್ ಮಾಡೂದ ಖರೇ. ಆದ್ರ ಈಗ ಮಾಡಂಗಿಲ್ಲ."

"ಬ್ಯಾಡೇ ಬ್ಯಾಡಂದ್ರೂ ನಡೀತದ್ರಿ," ಅಂದೆ, ಬಹಳ ಆಸೆಯಿಂದ.

"ಈ ಹೊಟ್ಟಿಗೆ ಹೊಲಿಗಿ ಹಾಕೂದಂದ್ರ ಬೆಣ್ಣಿಗೆ ಹೊಲಿಗಿ ಹಾಕಿದಂಗ. ದಾರಾ ನಿಲ್ಲಂಗಿಲ್ಲ. ಮೊದಲ ನೀವು ಇಳೀಬೇಕು."

"ಇಳೀದಿದ್ರ?" ಹೆಂಡತಿ ಕೇಳಿದಳು.

"ಒಂದಿನ ಕರಳು ಆ ತೂತಿನ್ಯಾಗ ಸಿಕ್ಕೊಂತದವ್ವ. ಆಗ ಕಲ್ಯಾಣದಿಂದ ಇಲ್ಲಿತನಾ ಬರೂ ಹೊತ್ತು ಇರಂಗಿಲ್ಲ."

ಆಕೆ ಸೆರಗು ಬಾಯಿಗೆ ಹಿಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ, ಅದೇನೋ ನನ್ನನ್ನೇ ನೋಡಿ ಟಿಕ್ ಅನ್ನುತ್ತಿತ್ತು.

ತೂಕ ನೋಡಬೇಕಲ್ಲ. ಡಾಕ್ಟರ ಯಂತ್ರದ ಮೇಲೆ ನಿಂತೆ. ಮುಳ್ಳು ಕೊನೆಯ ಅಂಕಿಯವರೆಗೆ ಓಡಿ ಅಲ್ಲೇ ಸಿಕ್ಕಿಕೊಂಡಿತು. "ಗಂಜಿಗೆ ಹೋಗಿ ಬರ್ರಿ," ಅಂದರು. ಎದುರಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ದೊಡ್ಡ ತಕ್ಕಡಿ ಇತ್ತು. ನಾನು ಒಂದು ತಟ್ಟೆಯ ಮೇಲೆ ಹತ್ತಿ ಸರಪಳಿ ಹಿಡಿದು ನಿಂತೆ. ಹಮಾಲರು ಇನ್ನೊಂದು ತಟ್ಟೆಗೆ ಕಲ್ಲು ಹೇರತೊಡಗಿದರು.

"ಏನ ಮಾಲೋ ಇದು?" ಒಬ್ಬ ಕೇಳಿದ.

"ಮಾಲಲ್ಲೋ, ಕಲ್ಯಾಣದ ಸಾವಕಾರ್ರು."

"ಚೀಲದ ತೂಕ ಕಳೀಬೇಕೋ ಬ್ಯಾಡೋ?" ಎಂದು ಅವನು ನನ್ನ ಕೋಟು, ಧೋತರ ತೋರಿಸಿದ.

ಚೀಲ ಕಳೆದ ಮೇಲೂ ನಾನು ಒಂದು ತುಂಬಿದ ಚೀಲ ತೊಗರಿಗಿಂತ ಹೆಚ್ಚಿದ್ದೆ. ಇಳಿದ ಕೂಡಲೇ ಅವರು ಹಮಾಲಿ ಕೇಳಿದರು.

"ನಾನೇ ಹತ್ತೀನಿ, ನಾನೇ ಇಳದೀನಿ. ನಿಮಗ್ಯಾಕೋ ಹಮಾಲಿ?"

"ಕೈ ಹಿಡದವ್ರು ಯಾರ್ರಿ? ಬರೀ ಕೈ ಹಿಡದಿದ್ದಕ್ಕ ನನ್ನ ಭುಜಾ ಇನ್ನೂ ಮ್ಯಾಲ ಏಳವಲ್ದು."

ಎಲ್ಲರಿಗೂ ಚಹಾ ಹೇಳಿದೆ. ಅವರ ಮನಸ್ಸು ಮುರಿಯಬಾರದೆಂದು ನಾನೂ ಕುಡಿದೆ.

ವಾಪಸು ಬಂದಾಗ ಡಾಕ್ಟರು ಹೆಂಡತಿಗೆ ಹೇಳುತ್ತಿದ್ದರು: ತುಪ್ಪ ಬೇಡ, ಬೆಲ್ಲ ಬೇಡ, ಕೊಬ್ಬರಿ ಬೇಡ, ಶೇಂಗಾ ಬೇಡ, ಅಂಟಿನುಂಡಿಯಂತೂ ಹೆಸರೆತ್ತಬೇಡಿ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಅಂಗಡಿಯಲ್ಲಿ ಗಾದಿಯ ಮೇಲೆ ಕೂರದೆ ನಿಂತು ಬಟ್ಟೆ ತೋರಿಸಬೇಕು. ಚಹಾ ಬಂದರೆ ಕಪ್ಪು ಕೈಯಲ್ಲಿ ಹಿಡಿದುಕೊಳ್ಳಬೇಕು, ಅಷ್ಟೇ. ಬೀಗರು ಕೈ ನೋಡುತ್ತಾರೆಯೇ ಹೊರತು ಗಂಟಲು ನೋಡುವುದಿಲ್ಲ. ನನಗಾಗಿಯೇ ಅಳೆದು ಹೊಲಿದ ಅಂಗಿಯಂತಿತ್ತು ಆ ಪಥ್ಯ. ಎಲ್ಲಿಯೂ ಒಂದು ಬೆರಳು ಸಡಿಲು ಬಿಟ್ಟಿರಲಿಲ್ಲ.

"ನಿಮ್ಮ ಫೀಸು?" ಎಂದು ಕಿಸೆಗೆ ಕೈ ಹಾಕಿದೆ.

"ರೊಕ್ಕ ಬ್ಯಾಡ. ರೊಕ್ಕ ಕೊಟ್ರ ನೀವು ಕೊಟ್ಟೀನಲ್ಲ ಅಂತ ನಿಶ್ಚಿಂತಿಯಾಗಿ ಉಣ್ತೀರಿ. ಈ ಅವ್ವ ಚಳಿಗಾಲದಾಗ ನಿಮಗ ಏನೇನು ಮಾಡಿ ತಿನಸ್ತಿದ್ದಳು, ಅದನ್ನೆಲ್ಲ ಹಂಗೇ ಮಾಡ್ಲಿ. ನೀವು ತಿನ್ನಬ್ಯಾಡ್ರಿ. ಡಬ್ಬಿ ತುಂಬಿ ಗುರುವಾರಕ್ಕೊಮ್ಮೆ ಇಲ್ಲಿಗೆ ತರ್ರಿ. ಅದೇ ನನ್ನ ಫೀಸು."

ಡಾಕ್ಟರು ಬಡಕಲು ಮನುಷ್ಯ. ಅಷ್ಟು ಉಂಡಿ ಎಲ್ಲಿ ಹಾಕಿಕೊಳ್ಳುತ್ತಾರೆ ಎಂದು ನಾನು ಅವರ ಹೊಟ್ಟೆ ನೋಡಿದೆ. ಅವರು ವರಾಂಡದ ಕಡೆ ಬೆರಳು ಮಾಡಿದರು.

ಅಲ್ಲಿ ಕಂಬಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ರಾಜೇಶ್ವರದ ಕಡೆಯಿಂದ ಬಂದ ಕೂಲಿ ಹೆಣ್ಣುಮಗಳು. ಆಕೆಯ ಹೊಟ್ಟೆಯೊಳಗೂ ಗಂಟು, ಅದನ್ನೂ ಕೊಯ್ದು ತೆಗೆಯಬೇಕು. ಆದರೆ ಮೈಯಲ್ಲಿ ರಕ್ತವಿಲ್ಲ, ಆಪರೇಶನ್ ತಡೆಯುವುದಿಲ್ಲ. ಡಾಕ್ಟರು ಸೂಜಿ ಕೊಡುತ್ತಿದ್ದರು, ಉಣ್ಣಲು ಮಾತ್ರ ಯಾರೂ ಕೊಡುವವರಿರಲಿಲ್ಲ. ಫೀಸಿನ ಬದಲು ಆಕೆ ದವಾಖಾನೆಯ ಮಂಚಗಳಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಹಳೆ ಬಟ್ಟೆಯ ತುಂಡುಗಳನ್ನು ಸುತ್ತಲೂ ಹರಡಿಕೊಂಡು, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆಕಿ ಏರಬೇಕು, ನೀವು ಇಳೀಬೇಕು," ಡಾಕ್ಟರು ಅಂದರು. "ಇಬ್ಬರಿಗೂ ಒಂದೇ ಡಬ್ಬಿ ಸಾಕು."

ನಾನು ಹುರುಪಿನ ಮನುಷ್ಯ. ಡಾಕ್ಟರು ಹೇಳಿದ್ದಕ್ಕಿಂತ ಒಂದು ಕೈ ಮುಂದೆ ಹೋಗಬೇಕೆಂದು, ಹೇಗೂ ಮನೆಯಲ್ಲಿ ನಡೆದುಬಂದ ಸೋಮವಾರದ ಉಪವಾಸಕ್ಕೆ ಗುರುವಾರ, ಶನಿವಾರ ಎರಡನ್ನೂ ಸೇರಿಸಿದೆ. ನಮ್ಮ ಸೀಮೆಯ ಉಪವಾಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ದಿನ ರೊಟ್ಟಿ, ಅನ್ನ ಮುಟ್ಟುವಂತಿಲ್ಲ. ಅದರ ಬದಲು ಫರಾಳ: ಶೇಂಗಾಪುಡಿ ಸುರಿದ ಸಾಬೂದಾಣಿ ಖಿಚಡಿ, ಗೆಣಸಿನ ಹಲ್ವಾ, ಬಾಳೆಹಣ್ಣು, ಖಜೂರ, ಕೆನೆಹಾಲು. ಉಪವಾಸ ಮುರಿಯಬಾರದೆಂದು ಇವನ್ನೆಲ್ಲ ತಿನ್ನುತ್ತಲೇ ಇರಬೇಕು. ಪಕ್ಕದ ಮನೆಯ ಮರಾಠಿ ಅಜ್ಜಿಗೆ ನನ್ನ ಮೇಲೆ ಕರುಣೆ ಉಕ್ಕಿತು. "ಬಿಚಾರಾ, ವಾರದಾಗ ಮೂರು ಉಪವಾಸ ಮಾಡ್ತಾನ," ಎಂದು ಆಕೆಯೂ ಒಂದು ಬೋಗುಣಿ ಖಿಚಡಿ ಕಳಿಸತೊಡಗಿದಳು. ಅದನ್ನು ಬೇಡವೆನ್ನುವುದು ಹೇಗೆ, ದೇವರ ಹೆಸರಿನ ವಸ್ತು.

ಗುರುವಾರ ಗಂಜಿನಲ್ಲಿ ತಟ್ಟೆ ಹತ್ತಿದೆ. ಹಮಾಲ ಇದ್ದ ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಟ್ಟ.

"ಸಾವಕಾರ್ರ, ಏನ ಮಾಡಿದ್ರಿ?"

"ಉಪವಾಸ."

"ಹಂಗಂದ್ರ ಊಟಾ ಮಾಡ್ರಪಾ! ಉಪವಾಸ ಮಾಡಿದ್ರ ಈ ತಕ್ಕಡಿ ತಡಿಯಂಗಿಲ್ಲ."

ಡಾಕ್ಟರು ಉಪವಾಸಗಳನ್ನೆಲ್ಲ ಬಿಡಿಸಿ ರೊಟ್ಟಿಗೆ ಹಚ್ಚಿದರು. ಆಮೇಲೂ ನಾನು ಇಳಿಯಲಿಲ್ಲ. ಕಾರಣ ಬಸ್ಸು.

ನಮ್ಮಲ್ಲಿ ನಾಲ್ಕು ಜನರ ನಡುವೆ ಡಬ್ಬಿಯ ಮುಚ್ಚಳ ತೆಗೆದ ಮೇಲೆ ಪಕ್ಕದವನಿಗೆ "ಬರ್ರಿ" ಅನ್ನದೆ ಇರುವವನು ಮನುಷ್ಯನೇ ಅಲ್ಲ. ಮೊದಲ ಸಲ ನಾನು ಮುಚ್ಚಳ ತೆಗೆದದ್ದು ಬರೀ ಉಂಡಿಗಳು ಕುಲುಕಾಟದಲ್ಲಿ ಒಡೆದಾವೇನೋ ಎಂದು ನೋಡಲು. ಅಂಟು, ತುಪ್ಪ, ಉತ್ತತ್ತಿಯ ವಾಸನೆ ಬಸ್ಸು ತುಂಬಿತು. ಪಕ್ಕದಲ್ಲಿ ಹುಲಸೂರ ಕಡೆಯ ಒಬ್ಬ ಹಿರಿಯರಿದ್ದರು.

"ಬರ್ರಿ," ಅಂದೆ, ಬಾಯಿಮಾತಿಗೆ.

"ನೀವು ತಿನ್ರಿ."

"ಇಲ್ರಿ, ನಂದು ಪಥ್ಯ ಅದ. ನೀವು ತಗೋರಿ."

"ನೀವು ತಿನ್ನದ ನಾ ಹ್ಯಾಂಗ ತಿನ್ಲಿ? ಬಾಯಿಗೆ ಹತ್ತಂಗಿಲ್ಲರೀ ನನಗ."

ಹಿರಿಯರು ಬಾಯಿಬಿಟ್ಟು ಹೇಳಿದ ಮೇಲೆ ಏನು ಮಾಡುವುದು? ಅವರಿಗೆ ಒಂದು, ಅವರ ಮಾತಿಗಾಗಿ ನನಗೆ ಒಂದು. ಹಿಂದಿನ ಸೀಟಿನವರು ಕುತ್ತಿಗೆ ಚಾಚಿದರು. ಅವರಿಗೂ ಬರ್ರಿ, ಅವರ ಮಾತಿಗೂ ನನಗೊಂದು. ಕಂಡಕ್ಟರ ತಾನಾಗಿಯೇ ಬಂದ. ರಾಜೇಶ್ವರ ಬರುವಷ್ಟರಲ್ಲಿ ಡಬ್ಬಿ ಅರ್ಧಕ್ಕಿಳಿದಿತ್ತು. ಗುರುವಾರದ ಆ ಬಸ್ಸಿಗೆ ಕಾಯುವವರು ಹೆಚ್ಚತೊಡಗಿದರು. ಡಾಕ್ಟರ ಫೀಸನ್ನು ದಾರಿಯಲ್ಲೇ ತಿಂದು ಮುಗಿಸುವ ರೋಗಿ ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು.

ರೀತಿರಿವಾಜು ಎಂದು ಹೆಂಡತಿಗೆ ಹೇಳುತ್ತಿದ್ದೆ. ಅದರ ಕೆಳಗೆ ಇನ್ನೊಂದು ಮಾತಿತ್ತು. ನನಗೆ ಚಾಕುವಿನ ಭಯ. ಕತ್ತರಿಯಿಂದ ಬೆರಳ ತುದಿ ಕೊಯ್ದರೆ ಗೋಡೆ ಹಿಡಿದು ಕೂರುವವನು ನಾನು. ಒಂದೊಂದು ಕಲ್ಲು ಇಳಿದ ಹಾಗೆ ಚಾಕು ಒಂದೊಂದು ಹೆಜ್ಜೆ ಹತ್ತಿರ ಬರುತ್ತದೆ. ಈ ಹೊಟ್ಟೆ ಇರುವತನಕ ಡಾಕ್ಟರು ನನ್ನನ್ನು ಮುಟ್ಟುವುದಿಲ್ಲ. ಕರುಳು ಸಿಕ್ಕಿಕೊಂಡರೆ ಸಾಯುತ್ತೇನೆ ಎಂಬುದು ಗೊತ್ತಿತ್ತು. ಆದರೆ ಅದು ಎಂದೋ ಒಂದಿನ. ಉಂಡಿ ಈಗಲೇ ಕೈಯಲ್ಲಿತ್ತು.

ಒಂದು ಗುರುವಾರ ಆ ಹೆಂಗಸಿನ ಕೈಗೆ ಡಬ್ಬಿ ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು.

"ಸಾವಕಾರ್ರ, ಡಬ್ಬಿ ದೊಡ್ಡದದ, ಉಂಡಿ ತಳದಾಗ ಉಳ್ಳಾಡಾಕತ್ತಾವ."

"ಈ ವಾರ ಜರಾ ಕಮ್ಮಿ ಆಗ್ಯಾವ, ತಂಗಿ."

"ಯಾವ ಹೆಣಮಗಳು ಅರ್ಧಾ ಡಬ್ಬಿ ತುಂಬಿ ಪರಊರಿಗೆ ಕಳಸ್ತಾಳ್ರಿ? ನಾ ನಂಬಂಗಿಲ್ಲ."

"ಬಸ್ಸಿನ್ಯಾಗ ಬಾಜೂಕ ಕೂತವ್ರಿಗೆ ಬರ್ರಿ ಅನಬೇಕಾಗ್ತದ..."

"ಅವ್ರು ಬಂದ್ರಾ?"

"ಬಂದ್ರು."

"ನೀವೂ ಬಂದ್ರಿ."

"ನಾನೂ... ಬಂದೆ."

ಆಕೆ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದಳು. "ನಗಸಬ್ಯಾಡ್ರಿ, ಯಪ್ಪಾ, ನೋವಾಗ್ತದ." ಆಮೇಲೆ ಕಣ್ಣೊರೆಸಿಕೊಂಡು ಕೌದಿಯ ಮೇಲೆ ಕೈ ಇಟ್ಟು ಹೇಳಿದಳು. "ನನ್ನ ಮಗಳಿಗೆ ಆರು ತಿಂಗಳ ತುಂಬ್ಯಾವ. ಚೊಚ್ಚಲು. ಈ ತಿಂಗಳೇ ಕೊಯ್ತೀನಿ ಅಂದಿದ್ರು ಡಾಕ್ಟರ್ ಸಾಬ, ಈಗ ರಕ್ತ ಏರವಲ್ದು, ಮುಂದಿನ ತಿಂಗಳ ನೋಡೂನು ಅನ್ನಾಕತ್ತಾರ. ನಾ ಮಲಗಿದ್ರ ಆಕಿಗೆ ನೀರು ಯಾರ ಎರೀಬೇಕು? ಕೂಸಿನ್ನ ಯಾರ ಹಿಡೀಬೇಕು?"

ಕೊಯ್ಯುವ ಮಾತು ಬಂದ ಕೂಡಲೇ ನನ್ನ ಕೈ ಹೊಟ್ಟೆ ಮುಚ್ಚಿಕೊಂಡದ್ದನ್ನು ಆಕೆ ನೋಡಿದ್ದಳು.

"ನೀವು ಚಾಕೂಕ ಅಂಜೀರಿ," ಅಂದಳು. "ದಪ್ಪ ಇದ್ರ ಬಚಾವ ಅಂತ ತಿಳದೀರಿ. ಅಂಜ್ರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ನನ್ನ ಉಂಡಿ ತಿಂದು ಅಂಜಬ್ಯಾಡ್ರಿ. ಬ್ಯಾರೇ ಏನರೆ ತಿಂದು ಅಂಜ್ರಿ."

ಊರಿಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಆಕೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಯೋಚಿಸಿದಳು.

"ಡಬ್ಬಿಗಿ ಕೀಲಿ ಹಾಕ್ತೀಯೇನು?" ಕೇಳಿದೆ.

"ಕೀಲಿ ಹಾಕಿದ್ರ ಕಂಡಕ್ಟರ ಮುರೀತಾನ. ಇನ್ನ ಮ್ಯಾಲ ಉಂಡೀನ ಕಟ್ಟಂಗಿಲ್ಲ. ಕಚ್ಚಾ ಕಳಸ್ತೀನಿ."

ಆ ಗುರುವಾರ ನನ್ನ ಚೀಲದಲ್ಲಿ ಹುರಿಯದ ಅಂಟು, ಒಡೆಯದ ಕೊಬ್ಬರಿ ಬಟ್ಟಲು, ಕಲ್ಲಿನಂಥ ಉತ್ತತ್ತಿ, ಬೆಲ್ಲದ ಪೆಂಟೆ, ಬಾಯಿಗೆ ಬಟ್ಟೆ ಬಿಗಿದ ತುಪ್ಪದ ತಂಬಿಗೆ. ಬಸ್ಸು ಹೊರಟ ಕೂಡಲೇ ಸುತ್ತಲಿನವರು ನನ್ನ ಕಡೆ ತಿರುಗಿ ಕೂತರು.

"ಏನದ ಸಾವಕಾರ್ರ ಇವತ್ತ?"

"ಅಂಟು."

"ಉಂಡೀದಾ?"

"ಹುರದ ಮ್ಯಾಲ ಉಂಡೀದು. ಈಗ ಗಿಡದ್ದು."

ಹಸಿ ಅಂಟಿಗೆ ಯಾರೂ ಯಾರಿಗೂ "ಬರ್ರಿ" ಅನ್ನುವುದಿಲ್ಲ. ಅಂಥ ರಿವಾಜೇ ಇಲ್ಲ. ರಾಜೇಶ್ವರ ದಾಟಿತು, ಚೀಲ ಇದ್ದ ಹಾಗೇ ಇತ್ತು. ಕಂಡಕ್ಟರ ನನಗೆ ಟಿಕೇಟು ಕೊಡುವಾಗ ಬಹಳ ದಿನದ ಮೇಲೆ ಮುಖ ಬಿಗಿದುಕೊಂಡಿದ್ದ.

ಹುಮನಾಬಾದಿನಲ್ಲಿ ಆ ಕೌದಿಯ ಹೆಂಗಸು ಡಾಕ್ಟರ ಮನೆಯ ಒಲೆಯ ಮುಂದೆ ಕೂತು ತಾನೇ ಅಂಟು ಹುರಿದಳು. ಹಿಂದೆ ನಾವು ಕಳಿಸಿದ ಉಂಡಿಗೆ ತುಪ್ಪ ಕಮ್ಮಿ ಇತ್ತೆಂದು ಆಗ ಹೇಳಿದಳು. ನಾನು ವರಾಂಡದಲ್ಲಿ ಆ ವಾಸನೆಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಆಕೆಯ ಕೌದಿಗೆ ತುಂಡು ಕತ್ತರಿಸಿಕೊಟ್ಟೆ. ಅಂಗಡಿಯಲ್ಲಿ ಉಳಿದ ಚೂರುಗಳನ್ನು ತಂದಿದ್ದೆ. "ಇವು ತೊಳದ್ರ ಬಣ್ಣಾ ಬಿಡ್ತಾವ. ಗಿರಾಕಿಗಿ ಹಿಂಗೇ ಕೊಡ್ತೀರೇನು?" ಎಂದು ಅದರಲ್ಲೂ ಅರ್ಧ ವಾಪಸು ಕೊಟ್ಟಳು.

ಆಕೆ ಏರಿದಳು. ಮೊದಲು ಕೆಳತುಟಿಗೆ ಕೆಂಪು ಬಂತು, ಆಮೇಲೆ ಬಾವಿಯ ನೀರು ಸೇದತೊಡಗಿದಳು. ನಾನೂ ಇಳಿದೆ. ಅಂಗಡಿಯಲ್ಲಿ ನಿಂತು ನಿಂತು ಕಾಲು ನೋಯುತ್ತಿದ್ದವು, ಕೈಯಲ್ಲಿ ಹಿಡಿದ ಚಹಾ ಆರಿ ಕೆನೆಗಟ್ಟುತ್ತಿತ್ತು, ಬೀಗರು ಏನೂ ಅನ್ನುತ್ತಿರಲಿಲ್ಲ. ಕೋಟು ಮೈಮೇಲೆ ತೂಗಾಡತೊಡಗಿದಾಗ ಅಂಗಡಿಗೆ ಬಂದವರು, "ಏನ್ರಿ ಸಾವಕಾರ್ರ, ವ್ಯಾಪಾರ ಬಿದ್ದದೇನು?" ಎಂದು ಮೆಲ್ಲಗೆ ಕೇಳುತ್ತಿದ್ದರು. ಗಂಜಿನಲ್ಲಿ ಹಮಾಲರು ವಾರವಾರ ಕಲ್ಲು ತೆಗೆದು ಕೆಳಗಿಟ್ಟರು. "ಹಿಂಗ ಇಳಿದ್ರ ನಮ್ಮ ಹಮಾಲಿ ಗತಿ ಏನ್ರಿ?" ಎಂದು ಒಬ್ಬ ಖರೇ ಬೇಜಾರಿನಿಂದ ಕೇಳಿದ.

ಆಪರೇಶನ್ನಿಗೆ ಅಮಲು ಕೊಟ್ಟು ಮಲಗಿಸುವ ಡಾಕ್ಟರು ಗುಲಬರ್ಗಾದಿಂದ ಬರಬೇಕಾಗಿತ್ತು. ಅವರು ಬಂದ ದಿನ ಮೊದಲ ಪಾಳಿ ಆಕೆಯದಾಯಿತು. ಎಚ್ಚರವಾದ ಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ನಿದ್ದಿ ಬಂದಂಗ ಆಗ್ತದ, ಅಷ್ಟೇ," ಅಂದಳು. ಮಗಳಿಗೆ ಬೇನೆ ಬರುವ ಮೊದಲೇ ಎದ್ದು ಊರಿಗೆ ಹೋದಳು. ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದಳು, ಒಂದು ಗಂಟು ಉಂಡಿ ಬಗಲಲ್ಲಿ. ಬಸ್ಸಿನಲ್ಲಿ ಬಿಚ್ಚಬೇಡ ಎಂದು ನಾನು ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಟನ್ನು ಇನ್ನೊಂದು ಬಗಲಿಗೆ ಸರಿಸಿಕೊಂಡಳು.

ಇನ್ನು ಮರೆಯಾಗಿ ನಿಲ್ಲಲು ನನಗೆ ಆ ಹೊಟ್ಟೆಯೂ ಇರಲಿಲ್ಲ. ಮುಂದಿನ ಸಲ ಗುಲಬರ್ಗಾದವರು ಬಂದಾಗ ಮೇಜಿನ ಮೇಲೆ ಮಲಗಿದೆ. ಚಳಿ ಎಂದು ಇನ್ನೊಂದು ಕೌದಿ ಕೇಳಿದೆ. ಮೂಗಿನ ಮೇಲೆ ಏನೋ ಇಟ್ಟು, "ಎಣಸ್ರಿ," ಅಂದರು. ಜೀವಮಾನವೆಲ್ಲ ಬಟ್ಟೆ ಅಳೆದವನು ನಾನು; ನಾವು ಮೊದಲ ಗಜಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. "ಲಾಭ," ಅಂದೆ, "ಎರಡು," ಅಂದೆ. ಮೂರನೆಯದು ನೆನಪಿಲ್ಲ.

ಎಚ್ಚರವಾದಾಗ ಹೊಟ್ಟೆಗೆ ಪಟ್ಟಿ ಬಿಗಿದಿದ್ದರು. ಹೆಂಡತಿ ಪಕ್ಕದಲ್ಲಿದ್ದಳು. ಡಾಕ್ಟರು ಬಂದು, "ಕರಳು ಒಳಗ ಹಾಕಿ ಹೊಲದೀನಿ. ಈಗ ದಾರಾ ಹಿಡೀಬೇಕು, ಅಷ್ಟೇ. ಕೆಮ್ಮಿ ಸೀನಿ ಹೊಲಿಗಿ ಮ್ಯಾಲ ಜೋರ ಬೀಳಬಾರದು," ಎಂದು ಹೇಳಿ ಹೋದರು. ಅಲ್ಲಿಂದ ನಾನು ಉಸಿರನ್ನೂ ಅಳೆದು ಬಿಡತೊಡಗಿದೆ. ಮಾತಾಡಲಿಲ್ಲ. ನಗಲಿಲ್ಲ. ಪಕ್ಕದ ಮಂಚದವನು ಆಕಳಿಸಿದರೂ ನನ್ನ ಹೊಟ್ಟೆ ಬಿಗಿಯುತ್ತಿತ್ತು.

ಮರುದಿನವೋ ಅದರ ಮರುದಿನವೋ, ಹಿಂದಿನ ಅಡುಗೆಮನೆಯಲ್ಲಿ ಡಾಕ್ಟರ ಮನೆಯವರು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು. ಘಾಟು ಕಿಟಕಿಯಿಂದ ನೇರ ನನ್ನ ಮೂಗಿಗೆ ಬಂತು. ಮೂಗು ಹಿಡಿದೆ. ಕಣ್ಣಲ್ಲಿ ನೀರು ಬಂತು. ಹೆಂಡತಿಗೆ ಗೊತ್ತಾಯಿತು; ಎದ್ದು ಎರಡೂ ಕೈ ನನ್ನ ಪಟ್ಟಿಯ ಮೇಲೆ ಒತ್ತಿ ಹಿಡಿದು, "ಡಾಕ್ಟರ್ ಸಾಬ, ಸೀನಾಕತ್ತಾರ್ರೀ!" ಎಂದು ಕೂಗಿದಳು. ಬೇರೆ ಮಂಚದವರು ಎದ್ದು ಕೂತರು.

ಸೀನಿದೆ. ಗಂಜಿನವರೆಗೆ ಕೇಳಿಸಿರಬೇಕು.

ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಡಾಕ್ಟರು ಓಡಿ ಬಂದು ಪಟ್ಟಿ ಸರಿಸಿ ನೋಡಿದರು, ಬೆರಳಿನಿಂದ ಒತ್ತಿದರು, ಬಗ್ಗಿ ಇನ್ನೊಮ್ಮೆ ನೋಡಿದರು.

"ಹಿಡದದ," ಅಂದರು.

ಹೆಂಡತಿ ಕೈ ತೆಗೆದು ನೆಲದ ಮೇಲೆ ಕೂತು ಅತ್ತಳು. ಅಡುಗೆಮನೆಯಲ್ಲಿ ಒಗ್ಗರಣೆ ಇನ್ನೂ ಚಟಗುಡುತ್ತಿತ್ತು. ನನಗೆ ಇನ್ನೊಂದು ಸೀನು ಬರುತ್ತಿತ್ತು. ಈ ಸಲ ಮೂಗು ಹಿಡಿಯಲಿಲ್ಲ.